ಉಣ್ಣೆಯ ಊರಿನಲ್ಲಿ ಫುಟ್‌ಬಾಲ್ ಇಲ್ಲದ ಬೇಸಿಗೆ

ಯಾದಗಿರಿ ಸ್ಟೇಷನ್

ನನ್ನನ್ನು ಇಂಗ್ಲೆಂಡಿಗೆ ಕಳಿಸಿದ್ದು ಕುರಿಯ ತುಪ್ಪಟದ ಸಲುವಾಗಿ. ನಾನು ಹೊರಟದ್ದು ಫುಟ್‌ಬಾಲಿನ ಸಲುವಾಗಿ. ಎರಡನೆಯದನ್ನು ಆಗ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ನಮ್ಮದು ಶಹಾಪುರ ತಾಲ್ಲೂಕಿನ ದೋರನಹಳ್ಳಿ. ಕುರಿ ಕಾಯುವ ಮನೆತನ. ಯಾದಗಿರಿಯಲ್ಲಿ ಶಾಲೆ ಮುಗಿಸಿ ಹೈದರಾಬಾದಿಗೆ ಓದಲು ಹೋದಾಗ ಈ ಆಟದ ಹುಚ್ಚು ಹತ್ತಿತು. ಸಂಜೆಯಾದರೆ ಮೈದಾನದ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಬರಿಗಾಲಿನಲ್ಲಿ ನಾನೂ ಆಡುತ್ತಿದ್ದೆ. ಆಮೇಲೆ ಉಣ್ಣೆ ಇಲಾಖೆಯ ನೌಕರಿ ಸಿಕ್ಕಿ ಶಹಾಪುರಕ್ಕೆ ಬಂದೆ. ಉಣ್ಣೆಯನ್ನು ದರ್ಜೆ ನೋಡಿ ವಿಂಗಡಿಸುವುದು ಹೇಗೆಂದು ಕಲಿತು ಬರಲು ಸರ್ಕಾರ ನನ್ನನ್ನು ಒಂದು ಬೇಸಿಗೆಯ ಮಟ್ಟಿಗೆ ಯಾರ್ಕ್‌ಶೈರ್ ಸೀಮೆಗೆ ಕಳಿಸಿತು.

ಅದು ಏಕೀಕರಣದ ವರ್ಷ. ಹೈದರಾಬಾದ್ ರಾಜ್ಯ ಒಡೆದು ಮೂರು ಪಾಲಾಗುವುದು ಗಟ್ಟಿಯಾಗಿತ್ತು. ನಮ್ಮ ಭಾಗ ಮೈಸೂರಿನ ಕಡೆಗೆ ಹೋಗುವುದಿತ್ತು. ನನ್ನ ಮೇಲಿನ ಸಾಹೇಬರು ಮೊದಲೇ ಕರೆದು ಹೇಳಿದ್ದರು: "ಮಾಳಪ್ಪ, ನೀವು ಹ್ಞೂಂ ಅಂದರೆ ಹೈದರಾಬಾದಿನ ದಫ್ತರಿನಲ್ಲೇ ಇಟ್ಟುಕೊಳ್ಳುತ್ತೇನೆ. ವಾಪಸ್ ಬಂದ ಮೇಲೆ ಹೇಳಿ." ಶಹರಿನ ನೌಕರಿ ಬಿಡಬೇಕೋ ಹಿಡಿಯಬೇಕೋ ತಿಳಿಯದೆ, ಹ್ಞೂಂ ಎಂದೂ ಉಹ್ಞೂಂ ಎಂದೂ ಹೇಳದೆ ಬಂದಿದ್ದೆ.

ಸ್ಟೇಷನ್ನಿಗೆ ಅಪ್ಪ ಕಳಿಸಲು ಬಂದಿದ್ದ. ನಮ್ಮ ಪಕ್ಕದಲ್ಲಿ ನಿಂತಿದ್ದ ಸುರಪುರದ ಕಿರಾಣಿ ವ್ಯಾಪಾರಿಯೊಬ್ಬ ಕೇಳದೆಯೇ ಮಾತಿಗೆ ಬಂದ. "ನೀ ವಾಪಸ್ ಬರೋದ್ರಾಗ ನಮ್ಮ ಸರಕಾರ ಯಾವ್ದಿರ್ತದೋ ಏನೋ ತಮ್ಮಾ. ಬೆಂಗಳೂರಿನ ಮಂದಿ ನಮ್ಮನ್ನ ಕೇಳ್ತಾರಂತೀಯೇನು?"

"ನಮ್ಮ ಭಾಷಾದವ್ರು ಕೇಳಂಗಿಲ್ಲಂದ್ರ ಮತ್ಯಾರು ಕೇಳ್ತಾರ್ರಿ?" ಎಂದ ಇನ್ನೊಬ್ಬ. ಮೂರನೆಯವನೂ ಸೇರಿಕೊಂಡ. ಗಾಡಿ ಬರುವವರೆಗೆ ಪ್ಲಾಟ್‌ಫಾರ್ಮಿನ ತುಂಬ ಅದೇ ವಾದ. ಅಪ್ಪ ಮಾತ್ರ ಬಾಯಿ ಹಾಕಲಿಲ್ಲ. ಗಾಡಿ ಅಲುಗಿದ ಮೇಲೆ ಕಿಟಕಿ ಹಿಡಿದು ನಡೆಯುತ್ತ, "ಅಲ್ಲಿ ಕುರಿ ಹ್ಯಾಂಗ ಅದಾವ ನೋಡ್ಕೊಂಡ ಬಾ. ಮಂದಿ ಹ್ಯಾಂಗ ಅದಾರಂತ ಆಮ್ಯಾಲ ಹೇಳಿದ್ರೂ ನಡೀತದ" ಎಂದ.

ಗಿರಣಿ ಊರು

ಹಡಗಿನ ಸುದ್ದಿ ಬೇಡ. ಮೊದಲ ವಾರ ವಾಂತಿ ಮಾಡಿಕೊಂಡೆ, ಉಳಿದ ದಿನ ಉಂಡೆ. ಇಂಗ್ಲೆಂಡಿನಲ್ಲಿ ಇಳಿದಾಗ ಅವರು ಬೇಸಿಗೆ ಎನ್ನುವುದು ಸುರಿಯುತ್ತಿತ್ತು. ನಮ್ಮಲ್ಲಿ ಬೇಸಿಗೆಯೆಂದರೆ ಹೊಲದ ಕಲ್ಲು ಮುಟ್ಟುವಂತಿಲ್ಲ. ಇಲ್ಲಿ ಬೇಸಿಗೆಗೆ ನಾನು ಕಂಬಳಿ ಹೊದ್ದು ರೈಲಿನಲ್ಲಿ ಕುಳಿತೆ. ಎದುರಿನ ಹುಡುಗಿಯರು ನಕ್ಕರು. ನನಗೆ ಬೆಚ್ಚಗಿತ್ತು, ನಾನೂ ನಕ್ಕೆ.

ನನಗೆ ಗೊತ್ತುಮಾಡಿದ್ದ ಊರು ಬ್ರಾಡ್‌ಫರ್ಡಿನ ಆಚೆ, ಗುಡ್ಡದ ಇಳಿಜಾರಿನಲ್ಲಿತ್ತು. ಹೊಗೆ ಕುಡಿದು ಕಪ್ಪಾದ ಕಲ್ಲಿನ ಮನೆಗಳು, ಒಂದಕ್ಕೊಂದು ಬೆನ್ನು ಹಚ್ಚಿಕೊಂಡು ನಿಂತಿದ್ದವು. ಮಿಸೆಸ್ ಹೋಲ್ಟ್ ಎಂಬ ವಿಧವೆಯ ಮನೆಯ ಮಾಳಿಗೆಯಲ್ಲಿ ನನಗೊಂದು ಕೋಣೆ. ಬಾಗಿಲು ತೆಗೆದವಳೇ ಹೆಸರು ಕೇಳಲಿಲ್ಲ. ನನ್ನ ಬೂಟು ನೋಡಿದಳು. ಆ ಮೊದಲ ಮಾತನ್ನೂ, ಇಲ್ಲಿ ಬರುವ ಅವರ ಎಲ್ಲ ಮಾತನ್ನೂ ನಾನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಅದಕ್ಕೆ ಕಾರಣವಿದೆ. ಯಾರ್ಕ್‌ಶೈರಿನವರ ಇಂಗ್ಲಿಷು ಲಂಡನ್ನಿನವರಿಗೆ ಜಗಳದ ಹಾಗೆ ಕೇಳುತ್ತದಂತೆ. ನಮ್ಮ ಕನ್ನಡ ಮೈಸೂರಿನವರಿಗೆ ಹಾಗೇ ಕೇಳುತ್ತದೆ. ಅವರು ಗಂಡಸರನ್ನು ಕರೆಯುವ ಮಾತು ಸರಿಯಾಗಿ ನಮ್ಮ 'ತಮ್ಮಾ'.

"ಬೂಟ್ ಹೊರಗ ಬಿಡು ತಮ್ಮಾ. ಚಾ ಆರಾಕತ್ತದ."

ನಾಲ್ಕು ದಿನದಲ್ಲಿ ಶನಿವಾರ ಬಂತು. ಊರಿಗೊಂದು ಫುಟ್‌ಬಾಲ್ ಕ್ಲಬ್ಬಿದೆ, ಅಲ್ಲಿ ಸಂಬಳ ಪಡೆದು ಆಡುವವರಿದ್ದಾರೆ, ಶನಿವಾರ ಮಧ್ಯಾಹ್ನ ಆಟ ಎಂದು ನಾನು ಹೈದರಾಬಾದಿನಲ್ಲೇ ಓದಿಕೊಂಡಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೇಳುತ್ತ ಕೇಳುತ್ತ ಮೈದಾನಕ್ಕೆ ಹೋದೆ. ದಾರಿಯಲ್ಲಿ ಒಬ್ಬ ಮನುಷ್ಯನೂ ಆ ಕಡೆ ಹೊರಟಿರಲಿಲ್ಲ. ಬೇಗ ಬಂದೆ ಎಂದುಕೊಂಡೆ. ಗೇಟು ತೆರೆದಿತ್ತು. ಒಳಗೆ ಒಬ್ಬ ಮುದುಕ ಬುಟ್ಟಿ ಹಿಡಿದು ಬೀಜ ಚೆಲ್ಲುತ್ತಿದ್ದ.

"ಆಟ ಎಷ್ಟೊತ್ತಿಗೆ ಶುರು ಆಗ್ತದ್ರಿ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹುಲ್ಲು ಬೆಳಿಯಾಕತ್ತದ. ಅದನ್ನ ನೋಡೂದಿದ್ರ ಕೂಡು."

ಬೇಸಿಗೆಯಲ್ಲಿ ಆಟವಿಲ್ಲವೆಂಬುದು, ಆಗಸ್ಟು ಮುಗಿಯುತ್ತ ಬಂದಾಗ ಮತ್ತೆ ಶುರುವೆಂಬುದು ನನಗೆ ಆಗ ತಿಳಿಯಿತು. ಏಳು ಸಮುದ್ರ ದಾಟಿ ಬಂದು ಹುಲ್ಲು ನೋಡುವ ಹಣೆಬರಹ. ಸುಮ್ಮನೆ ಕುಳಿತೆ. ಹುಲ್ಲೇನೋ ಚೆನ್ನಾಗಿತ್ತು. ಅಪ್ಪ ಕಂಡಿದ್ದರೆ ಅಷ್ಟು ಹಸಿರನ್ನು ಬೇಲಿ ಹಾಕಿ ಕಾಯುವ ಜನರನ್ನು ಬೈಯುತ್ತಿದ್ದ.

ಉಣ್ಣೆ ವಿಂಗಡಿಸುವ ಕೋಣೆ

ಆಟ ನಿಂತರೂ ಆಟದ ಮಾತು ನಿಲ್ಲುವುದಿಲ್ಲವೆಂದು ಗೊತ್ತಾದದ್ದು ಗಿರಣಿಯಲ್ಲಿ. ಉಣ್ಣೆ ವಿಂಗಡಿಸುವ ಕೋಣೆಗೆ ಬಡಗಣ ದಿಕ್ಕಿಗೆ ಮಾತ್ರ ದೊಡ್ಡ ಕಿಟಕಿಗಳು. ಬಿಸಿಲು ನೇರ ಬಿದ್ದರೆ ಬಣ್ಣ ಮೋಸ ಮಾಡುತ್ತದೆ. ಕಿಟಕಿಯ ಉದ್ದಕ್ಕೂ ಹಲಗೆ ಹಾಕಿ, ಒಂದೊಂದು ಕುರಿಯ ತುಪ್ಪಟ ಹಾಸಿ, ಭುಜದ್ದು ಬೇರೆ ಹೊಟ್ಟೆಯದು ಬೇರೆ ಎಂದು ಕೈಯಲ್ಲೇ ಹರಿದು ಎಸೆಯುತ್ತಿದ್ದರು. ಕೈಗೆ ಕೆಲಸ, ಬಾಯಿಗೆ ಫುಟ್‌ಬಾಲು.

ನನಗೆ ಕೆಲಸ ಕಲಿಸಲು ನಿಂತವನು ಫ್ರ್ಯಾಂಕ್. ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಮೊದಲ ದಿನ ನನ್ನ ಕಂಬಳಿಯನ್ನು ಕೆನ್ನೆಗೆ ಉಜ್ಜಿ ನೋಡಿ, "ಇದನ್ನ ಹೊದ್ಕೊಂಡವ ಇನ್ನೂ ಜೀವಂತ ಅದಾನೇನು?" ಎಂದು ಕೇಳಿದ್ದ. ಬೆಳಗ್ಗೆ ಪೇಪರಿನಲ್ಲಿ ಬಂದ ಫುಟ್‌ಬಾಲ್ ಸುದ್ದಿಗೆ ಮಧ್ಯಾಹ್ನದೊಳಗೆ ಅವನ ತೀರ್ಪು ಸಿದ್ಧ. ಯಾವ ಕ್ಲಬ್ಬು ಯಾರನ್ನು ಕೊಳ್ಳಬಹುದು, ಯಾರನ್ನು ಬಿಡಬಹುದು, ಯಾರ ಮೊಣಕಾಲು ವಾಸಿಯಾಗಿದೆ. ಆಗಲಿಲ್ಲವಾದರೂ ಆಗಬಹುದೆಂಬ ಸುದ್ದಿ. ಪೇಪರಿನವರಿಗೂ ಬೇಸಿಗೆಯಲ್ಲಿ ಹಾಳೆ ತುಂಬಿಸಬೇಕಲ್ಲ.

ಆ ಬೇಸಿಗೆಯಲ್ಲಿ ಊರಿನ ಬಾಯಲ್ಲಿ ಇದ್ದದ್ದು ಆರ್ಥರ್ ಎಂಬ ಆಟಗಾರನ ಹೆಸರು. ಎಡಗಡೆ ಹಿಂದೆ ನಿಂತು, ನುಗ್ಗಿ ಬರುವವರನ್ನು ತಡೆಯುವವನು. ಹದಿನೇಳನೇ ವಯಸ್ಸಿನಿಂದ ಇದೇ ಕ್ಲಬ್ಬಿನಲ್ಲಿದ್ದವನು. ಈಗ ಹೊಸದಾಗಿ ಬಂದ ಮ್ಯಾನೇಜರು, ನಿನ್ನನ್ನು ಆಡಿಸುವುದಿಲ್ಲ ಎಂದಿದ್ದ. ಆದರೆ ಬಿಟ್ಟೂ ಕೊಟ್ಟಿರಲಿಲ್ಲ. ಅಲ್ಲಿನ ಕಾಯಿದೆ ಹಾಗಿತ್ತು: ಕ್ಲಬ್ಬು ಬಿಡದಿದ್ದರೆ ಆಟಗಾರ ಲೀಗಿನ ಇನ್ನೊಂದು ಕ್ಲಬ್ಬಿಗೆ ಹೋಗುವಂತಿಲ್ಲ. ಬೇರೆಯವರು ದೊಡ್ಡ ಬೆಲೆ ಕೊಟ್ಟು ಬಿಡಿಸಿಕೊಳ್ಳಬೇಕು. ಮೂವತ್ತಕ್ಕೆ ಬಂದವನಿಗೆ ಯಾರು ಬೆಲೆ ಕೊಡುತ್ತಾರೆ?

"ಮುಗೀತು ಅವನ ಕಥಿ" ಎಂದ ಫ್ರ್ಯಾಂಕ್. "ಓಡಾಕ ಬರಂಗಿಲ್ಲ. ನಮ್ಮವ್ವ ಇದ್ದಿದ್ರ ಅವನಕಿಂತ ಜೋರ ಓಡ್ತಿದ್ಲು."

ಆಚೆ ಹಲಗೆಯವನು ಒಪ್ಪಲಿಲ್ಲ. ಇಬ್ಬರೂ ನನ್ನ ಕಡೆ ತಿರುಗಿದರು. "ನೀ ಹೇಳಪ್ಪಾ ಹಿಂದೂಸ್ತಾನದಾಂವ. ನಿನ್ನ ಅಭಿಪ್ರಾಯ ಏನು?"

"ನಾ ಅವನ ಆಟ ನೋಡೇ ಇಲ್ಲಲ್ಲ. ಹ್ಯಾಂಗ ಹೇಳ್ಲಿ?"

ಇಡೀ ಕೋಣೆ ನಕ್ಕಿತು. "ಆಟ ನೋಡಿ ಹೇಳೂದಾದ್ರ ಬೇಸಿಗಿಯಾಗ ಎಲ್ಲಾರೂ ಬಾಯಿ ಮುಚ್ಕೊಂಡ ಕೂಡಬೇಕಾಗ್ತದ!" ಎಂದ ಫ್ರ್ಯಾಂಕ್.

ಮಿಸೆಸ್ ಹೋಲ್ಟರ ಅಡಿಗೆಮನೆ

ಅದೇ ದಿನ ಸಂಜೆ ನಾನು ಕೆಲಸದಿಂದ ಬಂದಾಗ ಮಿಸೆಸ್ ಹೋಲ್ಟ್ ಸಂಜೆಯ ಪೇಪರನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ಬಟಾಟೆ ಸಿಪ್ಪೆ ತೆಗೆಯುತ್ತಿದ್ದಳು. ಸರಿಯಾಗಿ ಆಟದ ಪುಟದ ಮೇಲೆ. ಓದಬೇಕೆಂದು ನಾನು ಸಿಪ್ಪೆ ಸರಿಸಲು ಹೋದೆ.

"ಅದು ಬ್ಯಾಡ ತಮ್ಮಾ. ಹೊಲಸಾಗ್ಯದ."

ಹಿಂದಿನ ಬಾಗಿಲಿಂದ ಎತ್ತರದ ಆಳೊಬ್ಬ ಬಂದ. ಮೈಮೇಲೆ ಇಟ್ಟಂಗಿಯ ಧೂಳು. ಬೇಸಿಗೆಯಲ್ಲಿ ಇಟ್ಟಂಗಿ ಭಟ್ಟಿಯಲ್ಲಿ ದುಡಿಯುತ್ತಿದ್ದನಂತೆ. ಹಿಂದೆ ತುಂಬು ಬಸುರಿ ಹೆಂಡತಿ ಜೀನ್. ಬಂದವನು ಬಟಾಟೆ ಸಿಪ್ಪೆಯನ್ನು ನೋಡಿ ನಕ್ಕ.

"ಇವತ್ತ ಏನ್ ಬರದಾರವ್ವಾ?"

"ಏನಿಲ್ಲ."

"ಭಟ್ಟ್ಯಾಗ ಎಲ್ಲಾ ಓದಿ ಹೇಳ್ಯಾರ. ಒಬ್ಬ ಮಾರಬೇಕಂತಾನ, ಒಬ್ಬ ಪುಕ್ಕಟೆ ಕೊಡಬೇಕಂತಾನ."

ನಾನು ದಿನವಿಡೀ ಯಾರ ಕಥೆ ಮುಗಿಯಿತೆಂದು ಕೇಳಿ ಬಂದಿದ್ದೆನೋ ಆ ಆರ್ಥರ್ ಇವನೇ, ನನಗೆ ಅನ್ನ ಹಾಕುವವಳ ಮಗ. ಎರಡು ಮನೆ ಆಚೆ ಸಂಸಾರ. ಆರ್ಥರನಿಗೆ ನನ್ನ ಮುಖ ನೋಡಿಯೇ ತಿಳಿಯಿತು. "ನೀ ಫ್ರ್ಯಾಂಕನ ಕೈಯಾಗ ಕೆಲಸ ಕಲಿಯಾಕತ್ತೀ ಹೌದಿಲ್ಲೋ? ಇವತ್ತ ಯಾರಕಿಂತ ನಿಧಾನ ಓಡಿದ್ನಂತ ನಾನು?"

"ಅವನ ಅವ್ವನಕಿಂತ."

ಜೀನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆರ್ಥರನೂ ನಕ್ಕ. ಮಿಸೆಸ್ ಹೋಲ್ಟ್ ಮಾತ್ರ ಚಾಕು ಕೆಳಗಿಡಲಿಲ್ಲ. ನಗು ನಿಂತ ಮೇಲೆ ಜೀನ್ ನನ್ನೆದುರಿಗೇ ಗಂಡನಿಗೆ ಹೇಳಿದಳು: "ನೀ ಶನಿವಾರ ಸಂಜಿ ಮೈತುಂಬ ರಾಡಿ ಮಾಡ್ಕೊಂಡ ಬರ್ತಿದ್ದಿ. ಆ ಗಂಡ ನನಗ ಬೇಕು. ಪೇಪರಿನ್ಯಾಗ ಇರೂ ಗಂಡ ಬ್ಯಾಡ."

ಸಮುದ್ರದ ದಂಡೆ

ಜುಲೈ ಹೊತ್ತಿಗೆ ಆ ಊರಿಗೆ ಒಂದು ವಿಚಿತ್ರ ವಾರ ಬರುತ್ತದೆ. ಗಿರಣಿಗಳೆಲ್ಲ ಒಟ್ಟಿಗೇ ಬಾಗಿಲು ಹಾಕುತ್ತವೆ. ಊರಿಗೆ ಊರೇ ಗಂಟು ಕಟ್ಟಿಕೊಂಡು ಸಮುದ್ರದ ದಂಡೆಗೆ ಹೋಗುತ್ತದೆ. ಅಲ್ಲಿಯೂ ಅಕ್ಕಪಕ್ಕದ ಮನೆಯವರು ಅಕ್ಕಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಮ್ಮ ಕುರಿಗಾರರೂ ಬೇಸಿಗೆಯಲ್ಲಿ ಸಂಸಾರ ಕಟ್ಟಿಕೊಂಡು ಹೊಳೆಯ ಕಡೆ ಇಳಿಯುತ್ತಾರೆ, ಆದರೆ ಅದು ನೀರಿಗೆ, ಮೇವಿಗೆ. ಇವರು ಹೋಗುವುದು ಕೂರಲು. ಹೋಲ್ಟ್ ಮನೆಯವರು ನನ್ನನ್ನೂ ಕರೆದುಕೊಂಡು ಹೋದರು.

ಸಮುದ್ರ ಹಿಂದೆ ಸರಿದಾಗ ಮರಳು ಗಟ್ಟಿಯಾಗಿ, ನಮ್ಮ ಸುಗ್ಗಿಯ ಕಣದಂತಾಗುತ್ತಿತ್ತು. ಯಾರೋ ಚೆಂಡು ತಂದರು. ಕೋಟುಗಳನ್ನು ಗೋಲಿನ ಗುರುತಿಗೆ ಇಟ್ಟರು. ಫ್ರ್ಯಾಂಕ್ ಪ್ಯಾಂಟು ಮಡಚಿ ಒಂದು ಕಡೆ ನಿಂತ. ಆರ್ಥರನನ್ನು ಇನ್ನೊಂದು ಕಡೆಯವರು ಎಳೆದುಕೊಂಡರು. ನಾನು ಬೂಟು ಬಿಚ್ಚಿ ಆರ್ಥರನ ಜೊತೆಗೆ ಸೇರಿದೆ. ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ನನ್ನ ಕಾಲಿಗೆ ಏನು ಮಾಡಬೇಕೆಂದು ಗೊತ್ತಿತ್ತು.

ಆರ್ಥರ್ ನಿಜಕ್ಕೂ ಓಡಲಿಲ್ಲ. ಎಳೆಯ ಹುಡುಗರು ಅವನನ್ನು ಸುತ್ತಿ ಹೋಗಲು ನೋಡುತ್ತಿದ್ದರು. ಚೆಂಡು ಎಲ್ಲಿಗೆ ಬರುವುದೋ ಅಲ್ಲಿ ಅವನು ಮೊದಲೇ ನಿಂತಿರುತ್ತಿದ್ದ. ನಮ್ಮ ಅಪ್ಪನೂ ಕುರಿಗಳ ಬೆನ್ನು ಹತ್ತಿ ಓಡಿದ್ದನ್ನು ನಾನು ಕಂಡಿಲ್ಲ. ಹಿಂಡು ಎಲ್ಲಿ ತಿರುಗುತ್ತದೋ ಅಲ್ಲಿ ನಿಂತಿರುತ್ತಾನೆ. ಫ್ರ್ಯಾಂಕ್ ಗೂಳಿಯಂತೆ ನುಗ್ಗಿ ಬಂದ. ಆರ್ಥರ್ ಅವನ ಕಾಲಿನಿಂದ ಚೆಂಡನ್ನು ನಿಧಾನಕ್ಕೆ ಸರಿಸಿ ನನ್ನತ್ತ ಕಳಿಸಿದ. ಫ್ರ್ಯಾಂಕ್ ತನ್ನ ಓಟದಲ್ಲೇ ಮುಂದೆ ಹೋಗಿ ನೀರಿನಲ್ಲಿ ಕುಳಿತ. ಆಡುವಾಗೆಲ್ಲ ಆರ್ಥರ್ ಮಾತಾಡುತ್ತಿದ್ದ: ನೀ ಎಡಕ್ಕ ಬಾ, ನೀ ಅಲ್ಲೇ ನಿಲ್ಲು, ಭೇಷ್. ಗುರುತಿಲ್ಲದ ಹುಡುಗರು ಅವನ ಮಾತಿಗೆ ತಂಡವಾಗಿಬಿಟ್ಟರು.

ಒದ್ದೆಯಾದ ಫ್ರ್ಯಾಂಕ್ ನನ್ನ ಬಳಿ ಬಂದು ಎಲ್ಲರಿಗೂ ಕೇಳುವಂತೆ ಅಂದ: "ಈಗಂತೂ ನೋಡಿದಿ. ಈಗ ಹೇಳು."

"ಅಂವ ಓಡಂಗಿಲ್ಲ, ಅದು ಖರೆ" ಎಂದೆ. "ಅವಂಗ ಓಡೋ ಜರೂರತ್ತೇ ಬೀಳಂಗಿಲ್ಲ."

ನೋಡುತ್ತ ನಿಂತಿದ್ದವರಲ್ಲಿ ಒಬ್ಬ ಜೋರಾಗಿ ನಕ್ಕ. ಅವನು ಮಿಸ್ಟರ್ ಕೋಲ್. ಆ ಸಮುದ್ರದೂರಿನ ಸಣ್ಣ ಕ್ಲಬ್ಬನ್ನು ನಡೆಸುವವನು. ಆರ್ಥರನನ್ನು ಪಕ್ಕಕ್ಕೆ ಕರೆದು ಬಹಳ ಹೊತ್ತು ಮಾತಾಡಿದ. ಅವನ ಕ್ಲಬ್ಬು ದೊಡ್ಡ ಲೀಗಿನ ಹೊರಗಿನದು. ಅಲ್ಲಿಗೆ ಬರಲು ಯಾರ ಅಪ್ಪಣೆಯೂ ಬೇಡ. ಆಡಬೇಕು, ಜೊತೆಗೆ ಹುಡುಗರಿಗೆ ಕಲಿಸಬೇಕು.

ವಾಪಸ್ಸಿನ ಬಸ್ಸಿನಲ್ಲಿ ಆರ್ಥರ್ ಕಿಟಕಿಯ ಹೊರಗೇ ನೋಡುತ್ತಿದ್ದ. ಮಿಸೆಸ್ ಹೋಲ್ಟ್ ಒಂದೇ ಮಾತು ಹೇಳಿದಳು: "ಲೀಗ್ ಬಿಟ್ಟು ಕೆಳಗ ಇಳಿದ್ರ ಮಂದಿ ಏನಂದಾರು?"

ಗಿರಣಿ ಊರು, ಮತ್ತೆ

ಮಂದಿ ಅನ್ನದೇ ಉಳಿದದ್ದು ಯಾವುದೂ ಇರಲಿಲ್ಲ. ಕೋಲ್ ಕರೆದ ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಸಂಜೆಯ ಪೇಪರಿನ ಎಳೆಯ ವರದಿಗಾರನೊಬ್ಬ ಗಿರಣಿಯ ಬಾಗಿಲಲ್ಲಿ ನನ್ನನ್ನು ಹಿಡಿದ. ಆರ್ಥರನ ಆಟದ ಬಗ್ಗೆ ಕೇಳಿದ, ಕಂಡದ್ದನ್ನು ಹೇಳಿದೆ. ಯಾವ ಊರು ಎಂದು ಕೇಳಿದ. ದೋರನಹಳ್ಳಿ ಅವನ ಬಾಯಿಗೆ ಬರಲಿಲ್ಲ. ಸುಲಭವಾಗಲೆಂದು ಸುರಪುರದ ಕಡೆ ಎಂದೆ. ಅಲ್ಲಿ ಹಿಂದೆ ರಾಜರಿದ್ದರು ಎಂದೂ ಸೇರಿಸಿದೆ. ಮರುದಿನದ ಪೇಪರಿನಲ್ಲಿ ದಪ್ಪ ಅಕ್ಷರ: ಆರ್ಥರನಿಗೆ ಸುರಪುರದ ರಾಜಕುಮಾರರ ಬೆಂಬಲ.

ಬೆಳಗ್ಗೆ ಕೋಣೆಯೊಳಗೆ ಕಾಲಿಟ್ಟರೆ ಎಲ್ಲರೂ ತುಪ್ಪಟ ಕೆಳಗಿಟ್ಟು, ಸೊಂಟ ಬಗ್ಗಿಸಿ ನಮಸ್ಕರಿಸಿದರು. ನನ್ನ ಹಲಗೆಯ ಮುಂದೆ ಫ್ರ್ಯಾಂಕ್ ಕೆಂಪು ಚೀಲ ಹಾಸಿದ್ದ. ಸಂಜೆ ಮನೆಯಲ್ಲಿ ಆರ್ಥರ್ ನನ್ನ ಮುಂದೆ ಬಟಾಟೆ ಬುಟ್ಟಿ ಇಟ್ಟು, "ರಾಜಕುಮಾರ್ರು ಸಿಪ್ಪಿ ತಗೀತಾರೇನು?" ಎಂದ. ಬಹಳ ದಿನಕ್ಕೆ ಮಿಸೆಸ್ ಹೋಲ್ಟ್ ನಗುವುದನ್ನು ಕಂಡೆ. ಆ ದಿನದ ಪುಟವನ್ನು ಮಾತ್ರ ಅವಳು ಸಿಪ್ಪೆಗೆ ಹಾಕಲಿಲ್ಲ.

ಗುಡ್ಡದ ಮೇಲೆ

ಭಾನುವಾರ ಆರ್ಥರ್ ನನ್ನನ್ನು ಊರ ಮೇಲಿನ ಗುಡ್ಡಕ್ಕೆ ಕರೆದೊಯ್ದ. ಮರಗಳಿಲ್ಲ. ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಗೋಡೆಗಳು, ಕಪ್ಪು ಮುಖದ ಕುರಿಗಳು. ಶಹಾಪುರದ ಗುಡ್ಡಕ್ಕೆ ಯಾರೋ ಹಸಿರು ಹೊದಿಸಿ ಗಾಳಿ ಬಿಟ್ಟ ಹಾಗಿತ್ತು. ಕುರಿಗಳ ಹತ್ತಿರ ಕುರುಬ ಇರಲಿಲ್ಲ. ಯಾರೂ ಕಾಯದ ಕುರಿಯನ್ನು ನಾನು ಮೊದಲ ಸಲ ನೋಡುತ್ತಿದ್ದೆ.

"ನೀ ನನ್ನ ಜಾಗದಾಗ ಇದ್ದಿದ್ರ ಏನ್ ಮಾಡ್ತಿದ್ದಿ?" ಎಂದು ಕೇಳಿದ.

ನಾನು ನಮ್ಮ ಕಡೆಯ ಸುದ್ದಿ ಹೇಳಿದೆ. ನಮ್ಮ ರಾಜ್ಯ ಒಡೆಯುವುದು, ಹೋಟೆಲು ಹೋಟೆಲಿನಲ್ಲಿ ಜನ ಮುಂದೇನೆಂದು ವಾದಿಸುವುದು, ಹೈದರಾಬಾದಿನ ಸಾಹೇಬರು ಕರೆದದ್ದು, ನಾನು ಜವಾಬು ಕೊಡದೆ ಹಡಗು ಹತ್ತಿದ್ದು.

"ನಿನ್ನ ಕೆಲಸ ಎಲ್ಲಿ ಅದ?"

"ಕುರಿ ಇರೂದು ದೋರನಹಳ್ಳಿ, ಗೋಗಿ ಕಡೆ. ಕೆಲಸ ಅಲ್ಲೇ."

"ಮತ್ತ ಹೈದರಾಬಾದಿನ್ಯಾಗ ಏನ್ ಅದ?"

"ಕುರ್ಚಿ."

ಆರ್ಥರ್ ಗೋಡೆಯ ಮೇಲೆ ಕುಳಿತು ನಗಲು ಶುರು ಮಾಡಿದ. ನಾನೂ ನಕ್ಕೆ. ಬಾಯಿಂದ ಬಿದ್ದ ಮೇಲೆಯೇ ನನಗೆ ನನ್ನ ಜವಾಬು ತಿಳಿದದ್ದು. ಅವನು ನಗು ಮುಗಿಸಿ, ಕೆಳಗೆ ಕಾಣುತ್ತಿದ್ದ ಕ್ಲಬ್ಬಿನ ಮೈದಾನವನ್ನು ನೋಡುತ್ತ ಕುಳಿತ. ಹನ್ನೆರಡು ವರ್ಷದ ಆಟ ಅಲ್ಲಿತ್ತು. ಕಣ್ಣು ತುಂಬಿತೇನೋ, ಗಾಳಿಯೂ ಜೋರಾಗಿತ್ತು.

"ಅಲ್ಲಿ ನಾ ಇನ್ನ ಕೂತ್ಕೊಂಡ ನೋಡೂದಷ್ಟ" ಎಂದ. "ಕೋಲ್‌ಗ ಬರ್ತೀನಂತ ಹೇಳ್ತೀನಿ."

ಇಳಿಯುವಾಗ ಅವನು ನನಗಿಂತ ಮುಂದೆ ಓಡಿದ. ಫ್ರ್ಯಾಂಕ್ ನೋಡಬೇಕಿತ್ತು.

ಆಟ

ಆಗಸ್ಟಿನ ಕೊನೆಗೆ ಆರ್ಥರ್ ಮತ್ತು ಜೀನ್ ಸಮುದ್ರದೂರಿಗೆ ಮನೆ ಬದಲಿಸಿದರು. ನನ್ನ ಹಡಗಿಗೆ ಇನ್ನೂ ಕೆಲವು ದಿನವಿದ್ದಾಗ ಅವನ ಮೊದಲ ಆಟ ಬಂತು. ಅಂದು ಬೆಳಗ್ಗೆ ಮಿಸೆಸ್ ಹೋಲ್ಟ್ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬಸ್ಸಿನಲ್ಲಿ ಹೇಳಿದಳು: ಮಗ ಆಡಲು ಶುರು ಮಾಡಿದಂದಿನಿಂದ ಅವಳು ಒಂದು ಆಟವನ್ನೂ ನೋಡಿಲ್ಲ. "ಅಂವ ಬೀಳೂದು ನೋಡಬಲ್ಲೆ ತಮ್ಮಾ. ಮಂದಿ ಅವಂಗ ಬೈಯೂದು ಕೇಳಲಾರೆ."

ಮೈದಾನ ಚಿಕ್ಕದು. ಒಂದು ಬದಿಗೆ ಹಲಗೆಯ ಮೆಟ್ಟಿಲು, ಇನ್ನೊಂದು ಬದಿಗೆ ಸಮುದ್ರದ ಗಾಳಿ. ಹೈದರಾಬಾದಿನಲ್ಲಿ ನಾವು ಆಡುವಾಗ ಸೇರುತ್ತಿದ್ದಷ್ಟು ಜನವೂ ಇರಲಿಲ್ಲ. ಆದರೂ ಆಟಗಾರರು ಸಾಲಾಗಿ ಹೊರಬಂದಾಗ ನಾನು ಎದ್ದು ನಿಂತೆ. ಇಷ್ಟು ದಿನ ಮಾತಿನಲ್ಲೇ ಕೇಳಿದ ಆಟ, ಕೊನೆಗೂ ಕಾಲಿನಲ್ಲಿ.

ಆಟ ಶುರುವಾದ ಸ್ವಲ್ಪಕ್ಕೇ ಎದುರು ಪಕ್ಷದ ಚುರುಕು ಹುಡುಗನೊಬ್ಬ ಆರ್ಥರನನ್ನು ದಾಟಿ ಹೋಗಿ ಗೋಲು ಹೊಡೆದ. ನಮ್ಮ ಹಿಂದಿನ ಮೆಟ್ಟಿಲಿನಿಂದ ಒಬ್ಬ ಕೂಗಿದ: "ಇಂಥಾ ಮುದಿ ಎತ್ತನ್ನ ಎಲ್ಲಿಂದ ಹಿಡ್ಕೊಂಡ ಬಂದಾರ!"

ಮಿಸೆಸ್ ಹೋಲ್ಟ್ ಎದ್ದಳು. ಅವಳು ಹಿಂದಕ್ಕೆ ತಿರುಗಿ ಆ ದೊಡ್ಡ ಮೀಸೆಯವನ ಮುಖವನ್ನೇ ನೋಡಿದಳು.

"ಅಂವ ನನ್ನ ಮಗ."

ಅವನು ಟೋಪಿ ತೆಗೆದ. ಏನು ಮಾಡಬೇಕೆಂದು ತಿಳಿಯದೆ ತನ್ನ ಮೊಣಕಾಲಿನ ಮೇಲಿದ್ದ ಶಾಲನ್ನು ತೆಗೆದು ಅವಳಿಗೆ ಚಾಚಿದ. "ಗಾಳಿ ಭಾಳ ಅದ ಅಮ್ಮಾ. ಹೊದ್ಕೊಳ್ರಿ."

ಅವಳು ತೆಗೆದುಕೊಂಡು ಹೊದ್ದಳು. ಬೆರಳಿನಿಂದ ಎಳೆ ಮುಟ್ಟಿ ನೋಡಿ, "ಉಣ್ಣಿ ಛಲೋ ಅದ" ಎಂದಳು. ಆಮೇಲೆ ಅವರಿಬ್ಬರೂ ಆಟ ಮುಗಿಯುವವರೆಗೆ ಒಂದೇ ಸಮನೆ ಮಾತಾಡಿದರು. ಎರಡನೇ ಅರ್ಧದಲ್ಲಿ ಆರ್ಥರ್ ಆ ಚುರುಕು ಹುಡುಗನ ದಾರಿ ಕಲಿತುಕೊಂಡ. ಅವನು ತಿರುಗುವಲ್ಲೆಲ್ಲ ಇವನಿದ್ದ. ಕೊನೆಗೆ ಆರ್ಥರ್ ಕಳಿಸಿದ ಉದ್ದನೆಯ ಚೆಂಡಿಗೆ ಅವನ ಕಡೆಯ ಹುಡುಗನೊಬ್ಬ ತಲೆ ಕೊಟ್ಟು ಗೋಲು ಮಾಡಿದ. ಆಟ ಸಮವಾಯಿತು. ಮೀಸೆಯವನು ಎದ್ದು ನಿಂತು, "ನಿಮ್ಮ ಮಗ! ನಿಮ್ಮ ಮಗ!" ಎಂದು ಕೂಗುತ್ತಿದ್ದ. ಮಿಸೆಸ್ ಹೋಲ್ಟ್ ಅವನಿಗಿಂತ ಜೋರಾಗಿ ಕೂಗುತ್ತಿದ್ದಳು. ನಾನು ಏನು ಕೂಗಿದೆನೋ ನೆನಪಿಲ್ಲ. ಕನ್ನಡದಲ್ಲಿ ಕೂಗಿದೆನೆಂದು ಆಮೇಲೆ ಹೇಳಿದರು.

ಯಾದಗಿರಿ

ನಾನು ಊರಿಗೆ ಮರಳಿದಾಗ ಮಳೆ ಹಿಂದಾಗಿ, ಜೋಳದ ಬಿತ್ತನೆಗೆ ಜನ ಹೊಲಕ್ಕಿಳಿದಿದ್ದರು. ಅಪ್ಪ ಸ್ಟೇಷನ್ನಿಗೆ ಬಂದಿದ್ದ. ಇಳಿದ ಕೂಡಲೇ ಕುರಿಗಳ ಬಗ್ಗೆ ಕೇಳಿದ. ಕಪ್ಪು ಮುಖದವೆಂದೆ, ಗುಡ್ಡದ ಮೇಲೆ ಕಾಯುವವರಿಲ್ಲದೆ ಮೇಯುತ್ತವೆ ಎಂದೆ. ಅವನು ನಂಬಲಿಲ್ಲ.

ಬಸ್ಸಿನಲ್ಲಿ ಕುಳಿತ ಮೇಲೆ ನಾನೇ ಹೇಳಿದೆ: "ಅಪ್ಪಾ, ಹೈದರಾಬಾದಿಗೆ ಹೋಗಂಗಿಲ್ಲ. ಶಹಾಪುರದಾಗ ಇರ್ತೀನಿ."

ರಸ್ತೆಯ ಎರಡೂ ಕಡೆ ಕರಿ ಹೊಲ, ಹಸಿ ಮಣ್ಣಿನ ವಾಸನೆ. ಭೀಮಾ ನದಿ ದಾಟುವಾಗ ಅಪ್ಪ ರುಮಾಲು ಬಿಚ್ಚಿ, ಮುಖ ಒರೆಸಿ, ಮತ್ತೆ ಸುತ್ತಿಕೊಂಡ.

"ಹಂಗಾದ್ರ ನಾಳಿ ಲಗೂನ ಏಳು" ಎಂದ. "ಗೋಗಿಯಾಗ ತುಪ್ಪಟ ಕತ್ತರಸಾಕತ್ತಾರ. ನೀ ಏನ್ ಕಲ್ತ ಬಂದೀ ನೋಡೂನು."